ಸೋತವರ ಪುಸ್ತಕಗಳನ್ನೂ ಓದಿ

ಜೀವನದಲ್ಲಿ ಮುಂದೆ ಬರೋಕೆ ಯಾವ ಪುಸ್ತಕ ಓದ್ಬೇಕು ಅಂತ ಕೇಳೋರಿಗೆಲ್ಲ ನಾನು ಈಗೀಗ ಒಂದೇ ಮಾತು ಹೇಳ್ತೀನಿ, ಗೆದ್ದವರ ಪುಸ್ತಕ ಒಂದು ಓದಿದ್ರೆ ಸೋತವರ ಪುಸ್ತಕ ಮೂರು ಓದಿ ಅಂತ. ಕೇಳಿದೋರು ಮುಖ ಮುಖ ನೋಡ್ತಾರೆ. ಯಾಕಂದ್ರೆ ಹಂಗೆ ಕೇಳೋರಲ್ಲಿ ಮುಕ್ಕಾಲು ಪಾಲು ಪರೀಕ್ಷೆಗೆ ಓದ್ತಿರೋ ಹುಡುಗ್ರು, ಹುಡುಗೀರು, ಸೋಲು ಅನ್ನೋ ಮಾತು ಬಾಯಲ್ಲಿ ಬಂದ್ರೇನೇ ಅಪಶಕುನ ಅಂದ್ಕೊಳ್ಳೋ ಟೈಮಲ್ಲಿ ಇರ್ತಾರೆ ಅವರು. ಅಂಗಡೀಲಿ ನಿಂತ್ಕೊಂಡು ಎರಡು ನಿಮಿಷದಲ್ಲಿ ಹೇಳಿ ಮುಗಿಸೋ ವಿಷ್ಯ ಇದಲ್ಲ, ಅದಕ್ಕೇ ಇಲ್ಲಿ ಉದ್ದಕ್ಕೇ ಬರೀತಿದೀನಿ.

ನಮ್ದು ದಾವಣಗೆರೆ. ವಿದ್ಯಾರ್ಥಿ ಭವನ ಸರ್ಕಲ್ ಕಡೆ ಒಂದು ಸಣ್ಣ ಜೆರಾಕ್ಸ್ ಅಂಗಡಿ ನಡೆಸ್ತೀವಿ ನಾನು ನಮ್ಮನೆಯವರು. ಆನ್‌ಲೈನ್ ಅರ್ಜಿ ಹಾಕಿ ಕೊಡೋದು, ಹಾಲ್ ಟಿಕೆಟ್ ಪ್ರಿಂಟು, ಹಳೇ ಪ್ರಶ್ನೆಪತ್ರಿಕೆ, ಸ್ಪೈರಲ್ ಬೈಂಡಿಂಗು, ಇದೇ ನಮ್ಮ ಅನ್ನ. ಮುಂದ್ಗಡೆ ಒಂದು ಕಬ್ಬಿಣದ ರ‍್ಯಾಕಲ್ಲಿ ಪುಸ್ತಕ ಇಟ್ಟಿದೀನಿ, ಅದು ನನ್ನ ಇಷ್ಟಕ್ಕೆ. ಬರೋರೆಲ್ಲ ಜಗಳೂರು, ಚನ್ನಗಿರಿ, ಹೊನ್ನಾಳಿ, ಆ ಕಡೆ ಹರಪನಹಳ್ಳಿ, ಈ ಕಡೆ ಹೊಳಲ್ಕೆರೆ, ಚಳ್ಳಕೆರೆಯಿಂದ ಬಂದು ನಾಲ್ಕೈದು ಜನ ಸೇರಿ ರೂಮ್ ಮಾಡ್ಕೊಂಡು ಓದೋ ಮಕ್ಕಳು. ಎಫ್‌ಡಿಎ, ಎಸ್‌ಡಿಎ, ಪಿಡಿಒ, ಪಿಎಸ್‌ಐ, ಕೆಎಎಸ್ ಅಂತ ಯಾವ ಸರ್ಕಾರಿ ಹುದ್ದೆ ಕರೆದ್ರೂ ಅರ್ಜಿ ಹಾಕ್ತಾರೆ. ಸಂಜೆ ಹೊತ್ತು ಮಂಡಕ್ಕಿ ಮೆಣಸಿನಕಾಯಿ ತಿಂದ್ಕೊಂಡು ಬಂದು ಕೈಗೆ ಎಣ್ಣೆ ಅಂಟಿದೆ ಅಂತ ಪ್ಯಾಂಟಿಗೆ ಒರೆಸ್ಕೊಂಡು ರ‍್ಯಾಕ್ ನೋಡ್ತಾರೆ, ಆಮೇಲೆ ಕೇಳ್ತಾರೆ, "ಅಕ್ಕ, ಯಾವ್ದಾದ್ರೂ ಒಳ್ಳೆ ಮೋಟಿವೇಶನ್ ಬುಕ್ ಐತಾ?"

ಐತೆ. ಆ ತರದ್ದು ನಮ್ಮಲ್ಲಿ ಯಾವಾಗ್ಲೂ ಇರುತ್ತೆ, ಅವೇ ಜಾಸ್ತಿ ಹೋಗೋದೂ. ಯಂಡಮೂರಿ ವೀರೇಂದ್ರನಾಥರ 'ವಿಜಯಕ್ಕೆ ಐದು ಮೆಟ್ಟಿಲು' ತೆಲುಗಿನಿಂದ ಬಂದಿದ್ದು, ಆದ್ರೆ ನಮ್ಮ ಕಡೆ ಹುಡುಗರಿಗೆ ಅದು ಕನ್ನಡದ್ದೇ ಪುಸ್ತಕ ಆಗಿಬಿಟ್ಟಿದೆ. ಸ್ವಾಮಿ ಜಗದಾತ್ಮಾನಂದರ 'ಬದುಕಲು ಕಲಿಯಿರಿ' ಎರಡು ಭಾಗ, ಅದನ್ನ ಮಕ್ಕಳಿಗಿಂತ ತಾಯಂದಿರು ಜಾಸ್ತಿ ತಗೊಳ್ತಾರೆ, ಮಗ ಹಾಸ್ಟೆಲ್‌ಗೆ ಹೊರಟ ಅಂದ್ರೆ ಬ್ಯಾಗಲ್ಲಿ ಅದೊಂದು ಇರಲೇಬೇಕು. ಈ ಪುಸ್ತಕಗಳ ಬಗ್ಗೆ ನಂಗೆ ಗೌರವ ಐತೆ. ಬೆಳಿಗ್ಗೆ ಎದ್ದೇಳೋಕೇ ಮನಸ್ಸಿಲ್ಲದೋನನ್ನ ಎಬ್ಬಿಸಿ ಕೂರಿಸೋ ಶಕ್ತಿ ಇದೆ ಅವುಕ್ಕೆ, ಚಿಂತೆ, ಭಯ ಇವನ್ನೆಲ್ಲ ಹೆಂಗೆ ಹಿಡಿತಕ್ಕೆ ತರೋದು ಅಂತ ಕಥೆ ಸಮೇತ ಹೇಳ್ತವೆ. ಆದ್ರೆ ಎಬ್ಬಿಸಿ, ಓದಿಸಿ, ಪರೀಕ್ಷೆ ಹಾಲ್ ತನಕ ಕರ್ಕೊಂಡು ಹೋಗಿ ಬಿಟ್ಟ ಮೇಲೆ ಏನು? ರಿಸಲ್ಟ್ ಬಂದು ಎರಡು ಮಾರ್ಕ್ಸಲ್ಲಿ ಹೋಯ್ತು ಅಂದ್ರೆ ಆ ರಾತ್ರಿ ರೂಮಲ್ಲಿ ಒಬ್ನೇ ಕೂತೋನಿಗೆ ಏನು ಹೇಳ್ಬೇಕು? ಅಲ್ಲಿಗೆ ಆ ಪುಸ್ತಕಗಳು ಇನ್ನೊಂದ್ಸಲ ಪ್ರಯತ್ನ ಮಾಡು ಅಂತಾವೆ, ನಿನ್ನ ಸಂಕಲ್ಪ ಗಟ್ಟಿ ಇರ್ಲಿಲ್ಲ ಅಂತಾವೆ. ಪ್ರಯತ್ನ ಮಾಡಿದೋನಿಗೆ ಆ ಮಾತು ಎಷ್ಟು ಚುಚ್ಚುತ್ತೆ ಅಂತ ನಾನು ದಿನಾ ಕೌಂಟರ್ ಈಚೆ ನಿಂತು ನೋಡ್ತೀನಿ. ಹುದ್ದೆ ಇರೋದು ನೂರು, ಬರಿಯೋರು ಸಾವಿರಗಟ್ಟಲೆ. 2021ರ ಅಕ್ಟೋಬರ್‌ನಲ್ಲಿ ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮ ನಡೆದಿದೆ ಅಂತ 2022ರ ಏಪ್ರಿಲ್‌ನಲ್ಲಿ ರದ್ದಾಯ್ತಲ್ಲ, ಅವತ್ತು ನ್ಯಾಯವಾಗಿ ಓದಿ ಪಾಸಾದೋರೂ ಮನೇಲಿ ಕೂತ್ರು. ಅವರ ಸಂಕಲ್ಪದಲ್ಲಿ ಏನು ಕಮ್ಮಿ ಇತ್ತು?

ಅದಕ್ಕೆ ನಾನು ಬೇರೆ ಪುಸ್ತಕ ಕೊಡೋಕೆ ಶುರು ಮಾಡಿದ್ದು.

ಮೊದಲು ಕೊಡೋದು ಗಾಂಧೀಜಿ ಆತ್ಮಕಥೆ, ಗೊರೂರು ರಾಮಸ್ವಾಮಿ ಅಯ್ಯಂಗಾರ್ರು ಕನ್ನಡಕ್ಕೆ ಮಾಡಿರೋದು. ಹೆಸರು ಕೇಳಿದ ತಕ್ಷಣ ಹುಡುಗ್ರು "ಅಯ್ಯೋ ಅಕ್ಕ, ಅದು ಸ್ಕೂಲಲ್ಲಿ ಪಾಠ ಇತ್ತಲ್ಲ" ಅಂತಾರೆ. ಪಾಠದಲ್ಲಿ ಇಲ್ಲದೇ ಇರೋ ಭಾಗ ತೆಗೆದು ಕೊಡ್ತೀನಿ. ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್ ಮುಗಿಸಿ ಮುಂಬೈಗೆ ಬಂದ ಗಾಂಧಿಗೆ ಸಿಗೋ ಮೊದಲನೇ ಕೇಸು. ಸ್ಮಾಲ್ ಕಾಸಸ್ ಕೋರ್ಟಲ್ಲಿ ಒಂದು ಚಿಕ್ಕ ಕೇಸು, ಫೀಜು ಮೂವತ್ತು ರೂಪಾಯಿ, ಪ್ರತಿವಾದಿ ಕಡೆಯಿಂದ ನಿಂತು ಸಾಕ್ಷಿಗಳನ್ನ ಪಾಟಿ ಸವಾಲು ಮಾಡ್ಬೇಕಿತ್ತು. ಎದ್ದು ನಿಂತ್ರು. ತಲೆ ಗಿರ್ ಅಂತ ತಿರುಗಿ ಇಡೀ ಕೋರ್ಟೇ ತಿರುಗ್ತಿದೆ ಅನ್ಸಿ ಕೇಳೋಕೆ ಒಂದು ಪ್ರಶ್ನೇನೂ ಬಾಯಿಗೆ ಬರ್ಲಿಲ್ಲ. ಹಂಗೇ ಕೂತ್ಕೊಂಡು ಈ ಕೇಸು ನನ್ನ ಕೈಲಿ ಆಗಲ್ಲ, ಪಟೇಲ್ ಅನ್ನೋ ವಕೀಲರಿಗೆ ಕೊಡಿ ಅಂತ ಹೇಳಿ ಫೀಜು ವಾಪಸ್ ಕೊಟ್ಟು ಎದ್ದು ಹೊರಟೇ ಹೋದ್ರು, ತನ್ನ ಕಕ್ಷಿದಾರಳು ಗೆದ್ದಳೋ ಸೋತಳೋ ಅನ್ನೋದೂ ತಿಳ್ಕೊಳ್ಳದೆ. ಇದನ್ನ ಅವರೇ ಬರೆದಿದ್ದಾರೆ, ಒಂದಿಷ್ಟೂ ಮುಚ್ಚಿಡದೆ.

ಅದರ ಮುಂದಿನದು ಇನ್ನೂ ಮುಖ್ಯ. ವಕೀಲಿಕೆ ಆಗಲ್ಲ ಅಂತ ಗೊತ್ತಾದ ಮೇಲೆ ಪೇಪರಲ್ಲಿ ಒಂದು ಜಾಹೀರಾತು ನೋಡಿ ಹೈಸ್ಕೂಲ್ ಮೇಷ್ಟ್ರ ಕೆಲಸಕ್ಕೆ ಅರ್ಜಿ ಹಾಕ್ತಾರೆ, ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಹೇಳ್ಕೊಡೋದು, ಸಂಬಳ ಎಪ್ಪತ್ತೈದು ರೂಪಾಯಿ. ಇಂಟರ್ವ್ಯೂಗೆ ಕರೀತಾರೆ. ನೀವು ಪದವೀಧರರಲ್ಲ ಅಂತ ಹೇಳಿ ವಾಪಸ್ ಕಳಿಸ್ತಾರೆ! ಲಂಡನ್ ಮೆಟ್ರಿಕ್ಯುಲೇಶನ್ ಪಾಸಾಗಿದೀನಿ, ಲ್ಯಾಟಿನ್ ಓದಿದೀನಿ ಅಂದ್ರೂ ಕೇಳಲ್ಲ, ಬಿಎ ಬೇಕು ಅಂತಾರೆ. ಆಮೇಲೆ ಮುಂಬೈ ಮನೆ ಖಾಲಿ ಮಾಡ್ಕೊಂಡು ರಾಜಕೋಟೆಗೆ ಹೋಗಿ ಅರ್ಜಿ ಬರ್ಕೊಡೋ ಕೆಲಸ ಮಾಡ್ತಾರೆ.

ಒಂದಿನ ಜಗಳೂರು ಕಡೆಯ ಒಬ್ಬ ಹುಡುಗ ಅರ್ಜಿ ಹಾಕಿಸೋಕೆ ಬಂದಿದ್ದ, ಸರ್ವರ್ ನಿಧಾನ ಇತ್ತು, ಕಾಯ್ತಾ ನಿಂತಿರ್ಲಿ ಅಂತ ಆ ಪುಟ ತೆಗೆದು ಕೈಗೆ ಕೊಟ್ಟೆ. ನಿಂತಲ್ಲೇ ಓದಿದ. ಓದಿ ಮುಗಿಸಿ ಇನ್ನೊಂದ್ಸಲ ಹಿಂದಕ್ಕೆ ತಿರುಗಿಸಿ ಓದಿದ. "ಅಕ್ಕ, ಗಾಂಧೀಜೀನೂ ಎಲಿಜಿಬಿಲಿಟಿ ಇಲ್ಲ ಅಂತ ರಿಜೆಕ್ಟ್ ಮಾಡಿದ್ರಾ?" ಅಂದ. ಹೌದಪ್ಪ ಅಂದೆ. ಅವನ ಅರ್ಜಿ ಅದೇ ವಾರ ಯಾವ್ದೋ ಸರ್ಟಿಫಿಕೇಟ್ ತಾರೀಖಿನ ಕಾರಣಕ್ಕೆ ತಿರಸ್ಕಾರ ಆಗಿತ್ತಂತೆ, ಅದು ನಂಗೆ ಗೊತ್ತಿರ್ಲಿಲ್ಲ. ಪುಸ್ತಕ ತಗೊಂಡು ಹೋದ. ಆ ಹುಡುಗನಿಗೆ ಅವತ್ತು ಬೇಕಾಗಿದ್ದು ಏನು ಅಂತ ನಾನು ಆಮೇಲೆ ತುಂಬ ಸಲ ಯೋಚಿಸಿದೀನಿ. ನೀನೂ ಗಾಂಧಿ ಆಗ್ತೀಯ ಅನ್ನೋ ಮಾತು ಅವನಿಗೆ ಬೇಕಿರ್ಲಿಲ್ಲ. ಇಷ್ಟು ದೊಡ್ಡ ಮನುಷ್ಯನಿಗೂ ಇಂಥ ಒಂದು ಸಂಜೆ ಇತ್ತು, ಆ ಸಂಜೇಲಿ ಅವರಿಗೂ ಮುಂದೇನು ಅಂತ ಗೊತ್ತಿರ್ಲಿಲ್ಲ ಅನ್ನೋದು ಅವನಿಗೆ ಸಾಕಾಯ್ತು. ಗೆದ್ದವರ ಕಥೇಲಿ ಈ ಸಂಜೆ ಒಂದು ಸಾಲಲ್ಲಿ ಮುಗಿದು ಹೋಗುತ್ತೆ, 'ಆರಂಭದಲ್ಲಿ ಅನೇಕ ಕಷ್ಟಗಳನ್ನು ಎದುರಿಸಿ' ಅಂತ. ಕಲಿಯೋದು ಇರೋದೇ ಆ ಸಾಲಿನ ಒಳಗೆ.

ಇನ್ನು ನಮ್ಮ ಚಿತ್ರದುರ್ಗದ ಪುಸ್ತಕ. ತ.ರಾ.ಸು. ಅವರ 'ದುರ್ಗಾಸ್ತಮಾನ'. ಈ ಜಿಲ್ಲೆಯೋರಾಗಿ ಅದನ್ನ ಓದ್ದೇ ಇರೋರು ಇದ್ದಾರೆ ಅಂದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ತ.ರಾ.ಸು. ಹುಟ್ಟಿದ್ದು ಹರಿಹರ ತಾಲ್ಲೂಕಿನ ಮಲೇಬೆನ್ನೂರಲ್ಲಿ, 1920ರಲ್ಲಿ, ಆಗ ಅದು ಚಿತ್ರದುರ್ಗ ಜಿಲ್ಲೆ, ಈಗ ನಮ್ಮ ದಾವಣಗೆರೆ. 'ಕಂಬನಿಯ ಕುಯಿಲು', 'ರಕ್ತರಾತ್ರಿ', 'ತಿರುಗುಬಾಣ' ಎಲ್ಲ ಬರೆದು ಕೊನೆಗೆ ದುರ್ಗ ಬಿದ್ದಿದ್ದನ್ನ ಬರೆದ್ರು. 1984ರಲ್ಲಿ ತೀರ್ಕೊಂಡ್ರು, ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದ್ದು 1985ರಲ್ಲಿ.

ಪುಸ್ತಕದ ಹೆಸರಲ್ಲೇ ಕೊನೆ ಏನು ಅಂತ ಬರೆದಿಟ್ಟಿದ್ದಾರೆ. ಕೋಟೆ ಬೀಳುತ್ತೆ. 1779ರಲ್ಲಿ ಹೈದರಾಲಿ ಕೈಗೆ ದುರ್ಗ ಹೋಯ್ತು, ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ, ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಆದ್ರೂ ಓದ್ತಾ ಓದ್ತಾ ಬೀಳದೇ ಇರ್ಲಿ ಅಂತ ಆಸೆ ಪಡ್ತೀವಿ, ಅಷ್ಟು ದಪ್ಪ ಪುಸ್ತಕದಲ್ಲಿ ಪುಟ ಪುಟಕ್ಕೂ ಆಸೆ ಪಡ್ತೀವಿ. ಚಿಕ್ಕ ವಯಸ್ಸಿಗೇ ಪಟ್ಟಕ್ಕೆ ಬಂದ ಹುಡುಗ, ಒಂದು ಕಡೆ ಹೈದರ, ಇನ್ನೊಂದು ಕಡೆ ಮರಾಠರು, ಒಂದು ಕಾಲಕ್ಕೆ ಹೈದರನ ದಂಡಿನ ಜೊತೆ ತನ್ನ ದಂಡನ್ನೂ ಕಳಿಸಿ ಗೆಲ್ಲಿಸಿದೋನು, ಕೊನೆಗೆ ಅದೇ ಹೈದರನ ಮುತ್ತಿಗೆ ಎದುರಿಸ್ಬೇಕಾಗುತ್ತೆ. ಯಾರ ಕಡೆ ನಿಂತ್ರೆ ಊರು ಉಳಿಯುತ್ತೆ ಅಂತ ಲೆಕ್ಕ ಹಾಕೋದು, ಆ ಲೆಕ್ಕ ಸರಿ ಇದ್ರೂ ಕಾಲ ಬದಲಾಗಿ ಅದು ತಪ್ಪಾಗೋದು. ಇದನ್ನ ಯಾವ ಐದು ಮೆಟ್ಟಿಲ ಪುಸ್ತಕಾನೂ ಹೇಳ್ಕೊಡಲ್ಲ. ಒಳ್ಳೆ ನಿರ್ಧಾರಕ್ಕೂ ಕೆಟ್ಟ ಫಲ ಬರಬಹುದು ಅನ್ನೋದನ್ನ ಇಪ್ಪತ್ತೆರಡು ವರ್ಷಕ್ಕೆ ತಿಳ್ಕೊಂಡ್ರೆ ಎಷ್ಟೋ ಜನ ತಮ್ಮನ್ನ ತಾವೇ ಬೈಕೊಳ್ಳೋದು ತಪ್ಪುತ್ತೆ.

ಪುಸ್ತಕ ಓದಿದ ಮೇಲೆ ಕೋಟೆಗೆ ಹೋಗ್ಬೇಕು, ದಾವಣಗೆರೆಯಿಂದ ಬಸ್ಸಲ್ಲಿ ಒಂದು ಗಂಟೆ ಚಿಲ್ರೆ ದಾರಿ. ಎಲ್ಲರೂ ನೇರ ಒನಕೆ ಓಬವ್ವನ ಕಿಂಡಿಗೆ ಹೋಗಿ ಫೋಟೊ ತೆಗೆಸ್ಕೊಂಡು ಬರ್ತಾರೆ. ನಾನು ಮಕ್ಕಳಿಗೆ ಹೇಳೋದು, ಮದ್ದು ಬೀಸೋ ಕಲ್ಲುಗಳ ಹತ್ರ ಹೋಗಿ ಸ್ವಲ್ಪ ಹೊತ್ತು ನಿಂತ್ಕೊಳ್ಳಿ ಅಂತ. ತೋಪಿನ ಮದ್ದು ಅರೆಯೋಕೆ ಇಟ್ಟಿದ್ದ ಆಳೆತ್ತರದ ಬೀಸುಕಲ್ಲುಗಳು ತಗ್ಗಲ್ಲಿ ಇನ್ನೂ ಹಂಗೇ ಇದಾವೆ. ಆಮೇಲೆ ಮೇಲಕ್ಕೆ ಹತ್ತಿ ಕಣಜ ನೋಡಿ, ತುಪ್ಪದ ಕೊಳ ನೋಡಿ, ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗೇರ ಹೊಂಡ ನೋಡಿ. ಮಳೆ ನೀರು ಒಂದು ಹನಿಯೂ ಹಾಳಾಗದಂಗೆ ಬಂಡೆ ಮಧ್ಯೆ ಹಿಡಿದಿಟ್ಟಿದ್ದಾರೆ. ಸುತ್ತ ಏಳು ಸುತ್ತಿನ ಕೋಟೆ. ಅನ್ನಕ್ಕೆ, ನೀರಿಗೆ, ಮದ್ದಿಗೆ, ಕಾವಲಿಗೆ ಯಾವುದಕ್ಕೂ ಕಮ್ಮಿ ಮಾಡ್ದೇ ತಯಾರಿ ಮಾಡ್ಕೊಂಡಿದ್ದ ಜನ ಅವರು, ಒಂದು ತಲೆಮಾರಿನ ತಯಾರಿ ಅಲ್ಲ ಅದು. ಆದ್ರೂ ಸೋತ್ರು. ಸೋತ ಮಾತ್ರಕ್ಕೆ ತಯಾರಿ ಸಾಲ್ದಾಯ್ತು ಅಂತ ಆ ಹೊಂಡದ ಪಕ್ಕ ನಿಂತ್ಕೊಂಡು ಯಾರಾದ್ರೂ ಹೇಳೋಕಾಗುತ್ತಾ? ನಮ್ಮ ಮಕ್ಕಳಿಗೆ ಮಾತ್ರ ನಾವು ಅದೇ ಮಾತು ಹೇಳ್ತೀವಿ, ಸರಿಯಾಗಿ ಓದಿದ್ರೆ ಯಾಕೆ ಬರ್ತಿರ್ಲಿಲ್ಲ ಅಂತ.

ಹಂಗೆ ನೋಡಿದ್ರೆ ದಾವಣಗೆರೆಯೋರಿಗೆ ಇದೆಲ್ಲ ಹೊಸದಾಗಬಾರದು. ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸ್ಕೊಂಡ ಊರು ಇದು, ಹತ್ತಿ ಮಿಲ್ಲುಗಳು ಒಂದೊಂದೇ ಮುಚ್ಚಿ ಹೋದಾಗ ಸಾವಿರಾರು ಮನೆ ರಾತ್ರೋರಾತ್ರಿ ದಿಕ್ಕು ತೋಚದೆ ಕೂತಿದ್ವು. ನಮ್ಮಪ್ಪನೂ ಮಿಲ್ಲಲ್ಲಿ ಇದ್ದೋರು. ಕೆಲಸ ಹೋದ್ಮೇಲೆ ಮಂಡಿಪೇಟೇಲಿ ಲೆಕ್ಕ ಬರೆಯೋಕೆ ಹೋಗ್ತಿದ್ರು. ಅವರ ಕೈಕೆಲಸದಲ್ಲಿ ಏನೂ ಊನ ಇರ್ಲಿಲ್ಲ, ಅವರ ಮಗ್ಗ ನಿಂತಿದ್ದಕ್ಕೆ ಕಾರಣ ಎಲ್ಲೋ ದೂರದಲ್ಲಿತ್ತು. ಆದ್ರೂ ಎಷ್ಟೋ ವರ್ಷ ನೆಂಟರ ಮದುವೆಗಳಿಗೆ ಹೋಗ್ತಿರ್ಲಿಲ್ಲ, ಯಾರಾದ್ರೂ ಏನ್ ಮಾಡ್ತಿದೀಯಪ್ಪ ಅಂತ ಕೇಳ್ತಾರೆ ಅಂತ. ಅವರಿಗೆ ಆಗ ಯಾರಾದ್ರೂ ಒಂದು ಒಳ್ಳೆ ಕಾದಂಬರಿ ಕೈಗಿಟ್ಟಿದ್ರೆ ಅಂತ ನಂಗೆ ಈಗ್ಲೂ ಅನ್ಸುತ್ತೆ, ಓದೋ ಅಭ್ಯಾಸ ಇದ್ದ ಮನುಷ್ಯ ಅವರು.

ಕೊಡೋದಾಗಿದ್ರೆ 'ಮರಳಿ ಮಣ್ಣಿಗೆ' ಕೊಡಬೇಕಿತ್ತು. ಶಿವರಾಮ ಕಾರಂತರದ್ದು, 1940ರ ದಶಕದ್ದು. ಸಮುದ್ರದ ದಂಡೆ ಮೇಲೆ ಕೋಡಿ ಅನ್ನೋ ಊರು, ಅಲ್ಲಿ ಒಂದು ಮನೆಯ ಮೂರು ತಲೆಮಾರಿನ ಕಥೆ. ನಮ್ಮ ಬಯಲುಸೀಮೆಗೂ ಆ ಕರಾವಳಿಗೂ ಸಂಬಂಧಾನೇ ಇಲ್ಲ, ಅಲ್ಲಿ ಮಳೆ ಜಾಸ್ತಿ ಆಗಿ ಕಷ್ಟ, ನಮಗೆ ಮಳೆ ಇಲ್ದೆ ಕಷ್ಟ, ಆದ್ರೂ ಓದ್ತಾ ಇದ್ರೆ ಪಾರೋತಿ, ಸರಸೋತಿ ಇಬ್ರೂ ನಮ್ಮ ಬೀದಿ ಹೆಂಗಸರೇ ಅನ್ಸೋಕೆ ಶುರುವಾಗುತ್ತೆ. ದುಡಿದು ದುಡಿದು ಸವೆದು ಹೋಗೋ ಹೆಂಗಸರು. ಓದಿ ದೊಡ್ಡೋನಾಗ್ಲಿ ಅಂತ ಕಳಿಸಿದ ಮಗ ಲಚ್ಚ ದಾರಿ ತಪ್ಪಿ ಆಸ್ತಿ ಎಲ್ಲ ಕಳೀತಾನೆ, ಅವನ ಕೈಹಿಡಿದ ನಾಗವೇಣಿ ಪಡೋ ಪಾಡು ಓದೋಕಾಗಲ್ಲ, ಅವಳ ಮಗ ರಾಮ ಮದ್ರಾಸಲ್ಲಿ ಓದಿ, ಚಳವಳಿ ಅಂತ ಜೈಲಿಗೆ ಹೋಗಿ ಬಂದು, ಕೆಲಸಕ್ಕೆ ಅಂತ ಮುಂಬೈ ತನಕ ಅಲೆದು, ಕೊನೆಗೆ ಅದೇ ಊರಿಗೆ ಬರ್ತಾನೆ.

ಚನ್ನಗಿರಿ ಕಡೆ ಒಬ್ಬಳು ಹುಡುಗಿ ನಮ್ಮ ಅಂಗಡಿಗೆ ಪುಸ್ತಕ ಮಾರೋಕೆ ಬಂದಿದ್ಲು. ಕೆಎಎಸ್‌ಗೆ ಓದಿದ್ದ ಪುಸ್ತಕಗಳು, ಒಂದೊಂದು ಪುಟದಲ್ಲೂ ಹಳದಿ, ಹಸಿರು, ಗುಲಾಬಿ ಹೈಲೈಟರ್, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನೋಟ್ಸು, ಅಂಚುಗಳಿಗೆ ಟೇಪ್ ಹಚ್ಚಿದ್ದು. ಹಳೇ ಪುಸ್ತಕ ಅರ್ಧ ರೇಟಿಗೆ ತಗೊಳ್ತೀವಿ, ಆದ್ರೆ ಅವನ್ನ ಮುಟ್ಟೋಕೇ ನಂಗೆ ಮನಸ್ಸಾಗ್ಲಿಲ್ಲ. ರೂಮ್ ಖಾಲಿ ಮಾಡ್ತಿದೀನಿ ಅಕ್ಕ, ಅಪ್ಪ ಸಾಕು ಬಾ ಅಂದ್ರು ಅಂದ್ಲು. ದುಡ್ಡು ಕೊಟ್ಟು ಜೊತೆಗೆ 'ಮರಳಿ ಮಣ್ಣಿಗೆ' ಕೊಟ್ಟೆ. ಕೆಲವು ತಿಂಗಳಾದ್ಮೇಲೆ ಫೋನ್ ಮಾಡಿದ್ಲು. "ಅಕ್ಕ, ನಾಗವೇಣಿ ಭಾಗ ಓದೋಕಾಗ್ದೆ ಮಧ್ಯ ಬಿಟ್ಟಿದ್ದೆ, ಆಮೇಲೆ ರಾಮ ಏನ್ ಮಾಡ್ತಾನೆ ನೋಡೋಣ ಅಂತ ಮುಗ್ಸಿದೆ. ಊರಿಗೆ ವಾಪಸ್ ಬಂದೆ ಅಂತ ಇಷ್ಟು ದಿನ ಮನೆಯಿಂದ ಆಚೆ ಬರ್ತಿರ್ಲಿಲ್ಲ ನಾನು. ಈಗ ಸೊಸೈಟಿಗೆ ಹೋಗ್ತಿದೀನಿ ಕೆಲ್ಸಕ್ಕೆ" ಅಂದ್ಲು. ಹಾಲಿನ ಸೊಸೈಟೀಲಿ ಲೆಕ್ಕ ಬರೆಯೋ ಕೆಲಸ. ಪರೀಕ್ಷೇನೂ ಬರೀತಾಳೆ ಇನ್ನೂ. ಪಾಸಾಗ್ತಾಳೋ ಇಲ್ವೋ ಹೇಳೋಕಾಗಲ್ಲ, ಆದ್ರೆ ಊರಿಗೆ ಹೋಗೋದನ್ನ ಅವಳು ಸೋಲು ಅಂತ ಕರಿಯೋದು ಬಿಟ್ಟಿದ್ದಾಳೆ. ಒಂದು ಕಾದಂಬರಿಯಿಂದ ಇದಕ್ಕಿಂತ ಹೆಚ್ಚು ಇನ್ನೇನು ಬೇಕು?

ಕಾರಂತರ ಕಾದಂಬರಿ ಹಿಡಿಸಿದೋರು ಅವರ ಆತ್ಮಕಥೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಕೂಡ ಹಿಡೀಬೇಕು. ಗಾಂಧೀಜಿ ಕರೆ ಕೊಟ್ರು ಅಂತ ಕಾಲೇಜು ಬಿಟ್ಟೋರು, 'ವಸಂತ' ಅಂತ ಪತ್ರಿಕೆ ಮಾಡಿದ್ರು, ನಾಟಕ ಮಾಡಿದ್ರು, ಮೂಕಿ ಸಿನಿಮಾ ಮಾಡಿದ್ರು, ಪುತ್ತೂರಲ್ಲಿ ಮಕ್ಕಳಿಗೆ ಅಂತ ಬಾಲವನ ಕಟ್ಟಿದ್ರು, ಯಕ್ಷಗಾನಕ್ಕೆ ಕೈ ಹಾಕಿದ್ರು. ಕೈ ಹಾಕಿದ್ದರಲ್ಲಿ ಎಷ್ಟೋ ನಿಂತು ಹೋದ್ವು, ದುಡ್ಡೂ ಹೋಯ್ತು, ಅದನ್ನೆಲ್ಲ ಬಹಳ ಸಲೀಸಾಗಿ ಹೇಳ್ಕೊಂಡು ಹೋಗ್ತಾರೆ, ಒಂದು ನಿಂತ್ರೆ ಅಳ್ತಾ ಕೂರಲ್ಲ, ಇನ್ನೊಂದಕ್ಕೆ ಕೈ ಹಾಕ್ತಾರೆ. ಇನ್ನೊಂದು ಹೇಳ್ತೀನಿ, 1989ರಲ್ಲಿ, 87ನೇ ವಯಸ್ಸಲ್ಲಿ, ಕೈಗಾ ಅಣುಸ್ಥಾವರ ಬೇಡ ಅಂತ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೆ ನಿಂತ್ರು. ಸೋತ್ರು. ಆ ಹೊತ್ತಿಗೆ ಜ್ಞಾನಪೀಠ ಬಂದು ಹತ್ತು ವರ್ಷದ ಮೇಲಾಗಿತ್ತು, ಮನೇಲಿ ಕೂತಿದ್ರೂ ಜನ ಕೈ ಮುಗೀತಿದ್ರು. ಸೋಲ್ತೀನಿ ಅಂತ ಗೊತ್ತಿದ್ರೂ ಮಾಡಲೇಬೇಕಾದ ಕೆಲಸ ಅಂತ ಕೆಲವು ಇರ್ತವೆ ಅಂತ ಹೇಳೋಕೆ ನಂಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ.

ಸಿದ್ಧಲಿಂಗಯ್ಯನವರ 'ಊರುಕೇರಿ' ಬಗ್ಗೆ ಎಷ್ಟು ಹೇಳಿದ್ರೂ ಕಮ್ಮಿ. ಶುರುವಿನಲ್ಲೇ ಒಂದು ನೋಟ ಬರುತ್ತೆ, ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇಟ್ಟು ಇನ್ನೊಬ್ಬ ಹೊಲ ಉಳ್ತಿರ್ತಾನೆ, ಅದನ್ನ ಒಬ್ಬ ಹುಡುಗ ನೋಡ್ತಿರ್ತಾನೆ, ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ಆ ಹುಡುಗನ ಅಪ್ಪ. ಇಂಥಾದ್ದನ್ನ ಬರೆದ ಮನುಷ್ಯ ಅದೇ ಪುಸ್ತಕದಲ್ಲಿ ನಮ್ಮನ್ನ ಹೊಟ್ಟೆ ಹುಣ್ಣಾಗೋ ಹಂಗೆ ನಗಿಸ್ತಾರೆ. ಅವಮಾನ ಮನಸ್ಸನ್ನ ಪೂರ್ತಿ ತಿಂದು ಹಾಕದಂಗೆ ಹೆಂಗೆ ನೋಡ್ಕೋಬೇಕು ಅನ್ನೋದನ್ನ ಅವರ ನಗುವಿನಿಂದ ಕಲೀಬೇಕು. ಅರ್ಜಿ ಫಾರಂನಲ್ಲಿ ಜಾತಿ ಕಾಲಂ ತುಂಬುವಾಗ ತಲೆ ತಗ್ಗಿಸೋ ಮಕ್ಕಳನ್ನ ನಾನು ನೋಡಿದೀನಿ, ಅವರ ಕೈಗೆ ಮೊದಲು ಕೊಡೋದು ಇದನ್ನೇ. ತಲೆ ತಗ್ಗಿಸದೇ ಇರೋ ಮಕ್ಕಳಿಗೂ ಕೊಡ್ತೀನಿ, ಅವರು ಓದೋದು ಇನ್ನೂ ಮುಖ್ಯ.

ಡಿವಿಜಿ ಕಗ್ಗ ಎಲ್ಲರ ಮನೇಲೂ ಇರುತ್ತೆ, ನಾನು ಹೆಚ್ಚು ಹೇಳಲ್ಲ. ಒಟ್ಟು 945 ಪದ್ಯ, ದಿನಕ್ಕೊಂದು ಅಂದ್ರೂ ಎರಡೂವರೆ ವರ್ಷದ ಮೇಲಾಗುತ್ತೆ, ಅಷ್ಟು ನಿಧಾನಕ್ಕೆ ಓದಬೇಕಾದ ಪುಸ್ತಕ ಅದು. ಮಂಕುತಿಮ್ಮನಿಗೆ ಅಷ್ಟೆಲ್ಲ ಬುದ್ಧಿ ಹೇಳಿದ ಡಿವಿಜಿ ಮೆಟ್ರಿಕ್ ಪಾಸಾಗಿರ್ಲಿಲ್ಲ ಅನ್ನೋದು ಮಾತ್ರ ಪ್ರತಿ ಎಸ್‌ಎಸ್‌ಎಲ್‌ಸಿ ರಿಸಲ್ಟ್ ದಿನ ನೆನಪಿಸ್ಕೊಳ್ಳೋ ಅಂಥ ವಿಷ್ಯ. ವಯಸ್ಸಾದೋರು ಯಾರಾದ್ರೂ ಕೇಳಿದ್ರೆ ನಮ್ಮ ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಕೃಷ್ಣಶಾಸ್ತ್ರಿಗಳ 'ಯೇಗ್ದಾಗೆಲ್ಲಾ ಐತೆ' ಕೊಡ್ತೀನಿ, ಮುಕುಂದೂರು ಸ್ವಾಮಿಗಳ ಬಗ್ಗೆ ಬರೆದಿರೋದು, ನಮ್ಮ ಹಳ್ಳಿ ಮಾತಲ್ಲೇ ದೊಡ್ಡ ದೊಡ್ಡ ವಿಷ್ಯ ಬರ್ತವೆ, ಸಣ್ಣ ಪುಸ್ತಕ, ಒಂದು ಭಾನುವಾರಕ್ಕೆ ಮುಗಿಯುತ್ತೆ.

ಇವನ್ನ ಓದೋ ರೀತಿ ಬಗ್ಗೆ ಒಂದು ಮಾತು. ಪರೀಕ್ಷೆ ಮಕ್ಕಳಿಗೆ ಹೈಲೈಟರ್ ಹಿಡಿದು ಓದೋ ಅಭ್ಯಾಸ, ಕಾದಂಬರೀಲೂ ಒಳ್ಳೆ ಸಾಲು ಸಿಕ್ಕಿದ್ರೆ ಗೆರೆ ಎಳೆದು ಸ್ಟೇಟಸ್‌ಗೆ ಹಾಕ್ತಾರೆ. ಒಳ್ಳೆ ಸಾಲು ಬಿಡಿ, ಅದು ಎಲ್ಲೂ ಹೋಗಲ್ಲ. ಒಬ್ಬ ಮನುಷ್ಯ ಏನೋ ತೀರ್ಮಾನ ತಗೊಳ್ಳೋ ಜಾಗ ಬಂದಾಗ ಪುಸ್ತಕ ಮುಚ್ಚಿ. ಮದಕರಿ ನಾಯಕ ಹೈದರನ ಕಡೆ ಹೋಗ್ಬೇಕೋ ಮರಾಠರ ಕಡೆ ಹೋಗ್ಬೇಕೋ, ರಾಮ ಮುಂಬೈಲಿ ಇರ್ಬೇಕೋ ಊರಿಗೆ ಬರ್ಬೇಕೋ, ನೀವೇ ಅಲ್ಲಿ ಇದ್ದಿದ್ರೆ ಏನ್ ಮಾಡ್ತಿದ್ರಿ ಅಂತ ಪೆನ್ಸಿಲಲ್ಲಿ ಅಂಚಲ್ಲಿ ಬರೀರಿ, ಆಮೇಲೆ ಮುಂದಿನ ಪುಟ ತಿರುಗಿಸಿ. ಹಿಂಗೆ ಓದಿದ್ರೆ ಪುಸ್ತಕ ನಿಧಾನ ಆಗುತ್ತೆ ನಿಜ, ಆದ್ರೆ ಮುಗಿಯೋ ಹೊತ್ತಿಗೆ ನಿಮ್ಮ ಸ್ವಭಾವ ನಿಮಗೇ ಗೊತ್ತಾಗಿರುತ್ತೆ, ಎಲ್ಲಿ ಹೆದರ್ತೀರಿ, ಎಲ್ಲಿ ದುಡುಕ್ತೀರಿ, ಯಾರ ಮಾತು ಬೇಗ ನಂಬ್ತೀರಿ ಅಂತ. ಇಬ್ಬರು ಗೆಳೆಯರು ಒಂದೇ ಪುಸ್ತಕ ಹಿಂಗೆ ಓದಿ ಅಂಚಿನ ಬರಹ ಬದಲಾಯಿಸ್ಕೊಂಡ್ರೆ ಇನ್ನೂ ಒಳ್ಳೇದು. ಲೈಬ್ರರಿ ಪುಸ್ತಕ ಆದ್ರೆ ಮಾತ್ರ ಬೇರೆ ಹಾಳೇಲಿ ಬರೀರಿ ದಯವಿಟ್ಟು, ಅದರಲ್ಲಿ ಗೀಚಬೇಡಿ.

ಒಬ್ಬರು ತಾಯಿ ನನ್ನನ್ನ ಕೇಳಿದ್ರು, ಮೊದ್ಲೇ ಮಗ ಸೊರಗಿ ಹೋಗಿದಾನೆ, ಸೋತವರ ಕಥೆ ಬೇರೆ ಓದಿಸಿದ್ರೆ ಇನ್ನೂ ಕುಗ್ಗಲ್ವೇನಮ್ಮ ಅಂತ. ಕೇಳಬೇಕಾದ ಪ್ರಶ್ನೇನೇ ಅದು. ನಂಗೆ ಕಂಡ ಹಾಗೆ, ಸುಮ್ನೆ ಬೇಜಾರಾಗಿರೋ ಮಕ್ಕಳಿಗೆ ಈ ಪುಸ್ತಕಗಳು ಜೊತೆ ಕೊಡ್ತವೆ, ಒಬ್ನೇ ಅಲ್ಲ ಅನ್ಸುತ್ತೆ. ಆದ್ರೆ ಊಟ ಬಿಟ್ಟು, ನಿದ್ದೆ ಬಿಟ್ಟು, ಮಾತೇ ಬಿಟ್ಟು ಕೂತಿರೋ ಮಗುಗೆ ಪುಸ್ತಕ ಕೊಟ್ಟು ಕೈ ತೊಳ್ಕೊಳ್ಳೋ ಹಾಗಿಲ್ಲ. ಹತ್ರ ಕೂತು ಮಾತಾಡಿಸ್ಬೇಕು, ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು. 14416 ಅಂತ ಸರ್ಕಾರದ ಟೆಲಿ ಮಾನಸ್ ನಂಬರ್ ಐತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ನಂಬರ್ ನಮ್ಮ ಅಂಗಡಿ ಕೌಂಟರ್ ಗಾಜಿನ ಕೆಳಗೆ ದೊಡ್ಡದಾಗಿ ಪ್ರಿಂಟ್ ಮಾಡಿ ಇಟ್ಟಿದೀನಿ, ಹಾಲ್ ಟಿಕೆಟ್ ಪ್ರಿಂಟ್ ಆಗೋವರೆಗೂ ಎಲ್ಲರ ಕಣ್ಣೂ ಅಲ್ಲೇ ಇರುತ್ತೆ. ಆ ತಾಯಿಗೂ ಅದನ್ನೇ ಬರ್ಕೊಟ್ಟೆ, ಪುಸ್ತಕ ಆಮೇಲೆ ನೋಡೋಣ ಅಂದೆ.

ಪುಸ್ತಕ ಕೊಂಡ್ಕೊಳ್ಳೋಕೆ ದುಡ್ಡಿಲ್ಲ ಅನ್ನೋರಿಗೆ, ನಮ್ಮ ಊರಿನ ಗ್ರಂಥಾಲಯಕ್ಕೆ ಹೋಗಿ ಸದಸ್ಯರಾಗಿ. ಮಕ್ಕಳು ಅಲ್ಲಿಗೆ ಹೋಗ್ತಾರೆ, ಆದ್ರೆ ಸ್ವಂತ ನೋಟ್ಸ್ ತಗೊಂಡು ಹೋಗಿ ಟೇಬಲ್ ಹಿಡ್ಕೊಂಡು ಓದಿ ಬರ್ತಾರೆ, ಹಿಂದಿನ ಕಪಾಟು ತೆಗೆದು ನೋಡೋರು ಕಮ್ಮಿ. ನಮ್ಮ ರಾಜ್ಯದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯದ ಕಾಯಿದೆ ಐತೆ, ಮನೆ ಕಂದಾಯ ಕಟ್ಟುವಾಗ ಅದರ ಮೇಲೆ ಗ್ರಂಥಾಲಯ ಕರ ಅಂತ ಸೇರಿಸಿ ಕಟ್ಟಿಸ್ಕೊಳ್ತಾರೆ. ನಿಮ್ಮಪ್ಪ ಕಟ್ಟಿರೋ ದುಡ್ಡಲ್ಲಿ ಬಂದಿರೋ ಪುಸ್ತಕ ಅವು, ಧೈರ್ಯವಾಗಿ ಕೇಳಿ ಮನೆಗೆ ತಗೊಂಡು ಹೋಗಿ. ನವೆಂಬರ್ ತಿಂಗಳಲ್ಲಿ ರಾಜ್ಯೋತ್ಸವಕ್ಕೆ ಅಂತ ರಿಯಾಯಿತಿ ಇರುತ್ತೆ, ಕೊಂಡ್ಕೊಳ್ಳೋರು ಆಗ ಕೊಳ್ಳಿ.

ಮೊದಲನೇ ಸಲ ಓದೋರು 'ಊರುಕೇರಿ'ಯಿಂದ ಶುರು ಮಾಡಿ, ಬೇಗ ಓದಿಸ್ಕೊಂಡು ಹೋಗುತ್ತೆ. ಗಾಂಧಿ ಆತ್ಮಕಥೇಲಿ ಎರಡನೇ ಭಾಗದ ಶುರು ಮೊದಲು ಓದಿ, ಆಮೇಲೆ ಹಿಂದಕ್ಕೆ ಹೋದ್ರೂ ನಡೆಯುತ್ತೆ. 'ದುರ್ಗಾಸ್ತಮಾನ' ಪರೀಕ್ಷೆ ಮುಗಿದು ರಿಸಲ್ಟ್ ಬರೋ ಮಧ್ಯೆ ಇರೋ ತಿಂಗಳುಗಳಿಗೆ ಇಟ್ಕೊಳ್ಳಿ, ಆ ಟೈಮಲ್ಲಿ ದಿನಾ ಕೀ ಆನ್ಸರ್ ನೋಡ್ಕೊಂಡು ಮಾರ್ಕ್ಸ್ ಕೂಡಿ ಕೂಡಿ ತಲೆ ಕೆಡಿಸ್ಕೊಳ್ಳೋ ಬದಲು ದಿನಕ್ಕೆ ಮೂವತ್ತು ಪುಟ ಓದಬಹುದು. ಲೈಬ್ರರೀಲಿ ಬೇರೆ ಯಾರೋ ತಗೊಂಡು ಹೋಗಿದ್ರೆ ನಮ್ಮ ಅಂಗಡಿಗೆ ಬನ್ನಿ, ನನ್ನ ಸ್ವಂತ ಕಾಪಿ ಒಂದು ಐತೆ, ಹೆಸರು, ಫೋನ್ ನಂಬರ್ ಬರೆಸಿ ಕೊಡ್ತೀನಿ, ಓದಿ ತಂದ್ಕೊಡಿ.